ಕಾಳಕ್ಕನ ಮಡಿಲಲ್ಲಿ ಮಂಗಿ

ಟಿ.ಬಿ. ವಾರ್ಡು, ಸೇಲಂ
14 ಜೂನ್ 1970

ಮಾವನವರ ಪಾದಗಳಿಗೆ ಕಿರಿಯ ಸೊಸೆ ಸಿದ್ದಲಕ್ಷ್ಮಮ್ಮನ ನಮಸ್ಕಾರ.

ನಾನು ಇಲ್ಲಿಗೆ ಬಂದು ಒಂಬತ್ತು ದಿನವಾಯಿತು. ನಿಮ್ಮ ಮಗ ನನ್ನನ್ನು ಮಂಚದ ಮೇಲೆ ಕೂರಿಸಿ, ತಟ್ಟೆ ಲೋಟ ಕೆಳಗಿಟ್ಟು, ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತ ನಿಂತು ಹೊರಟುಹೋದರು. ಕುರಿಮಂದೆ ಧರ್ಮಪುರಿ ಕಡೆ ಹೋಗಿದೆಯಲ್ಲ, ಅವರು ಹೋಗದೆ ಆಗುವುದಿಲ್ಲ. ನನಗೆ ಸಿಟ್ಟಿಲ್ಲ.

ಡಾಕ್ಟರು ಎದೆಯ ಫೋಟೋ ತೆಗೆದು ನೋಡಿದರು. ಎರಡು ಕಡೆಯೂ ಕ್ಷಯ ಹಿಡಿದಿದೆಯಂತೆ. ದಿನಕ್ಕೊಂದು ಸೂಜಿ, ಹಿಡಿ ತುಂಬ ಮಾತ್ರೆ. ಎಷ್ಟು ದಿನ ಎಂದು ನರ್ಸಮ್ಮನನ್ನು ಕೇಳಿದೆ. "ಒರು ವರುಷಂ ಆಗುಂ ಮ್ಮಾ" ಎಂದರು, ಸಂತೆಗೆ ಹೋಗಿ ಬಾ ಎನ್ನುವಷ್ಟು ಹಗುರವಾಗಿ. ಒಂದು ವರ್ಷ, ಮಾವ.

ಮಂಗಿಗೆ ಈಗ ನಾಲ್ಕು ತಿಂಗಳು. ಹೊರಡುವ ದಿನ ಅವಳು ನಿದ್ದೆಯಲ್ಲಿದ್ದಳು. ಹತ್ತಿರ ಹೋಗಬಾರದು ಎಂದಿದ್ದರಿಂದ ಬಾಗಿಲಲ್ಲಿ ನಿಂತು ನೋಡಿ ಬಂದೆ. ಸೀರೆಯ ತೊಟ್ಟಿಲಿನಿಂದ ಒಂದು ಕಾಲು ಹೊರಗೆ ಚಾಚಿತ್ತು, ಅಷ್ಟೇ ಕಂಡದ್ದು. ಇಲ್ಲಿಗೆ ಬಂದ ಮೇಲೆ ಎದೆಹಾಲು ಕಟ್ಟಿ ಮೂರು ದಿನ ಜ್ವರ ಬಂತು. ಈಗ ಬತ್ತಿದೆ.

ನನ್ನ ಅಣ್ಣ ಬಂದು ಹೊಸೂರು ಕಡೆಯ ನಮ್ಮೂರಿಗೆ ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದ. ಬಂದನೇ? ಮಗು ಯಾರ ಕೈಯಲ್ಲಿದೆ? ಅದೊಂದನ್ನು ಬರೆಯಿರಿ, ಬೇರೇನೂ ಬರೆಯದಿದ್ದರೂ ಸರಿ.

ನಿಮ್ಮ ಸೊಸೆ,
ಸಿದ್ದಲಕ್ಷ್ಮಮ್ಮ


ನಂಗವಳ್ಳಿ ಹತ್ತಿರದ ಹಟ್ಟಿ
25 ಜೂನ್ 1970

ಮಗಳು ಸಿದ್ದಲಕ್ಷ್ಮಮ್ಮನಿಗೆ ನಿನ್ನ ಮಾವ ನಂಜಯ್ಯನ ಆಶೀರ್ವಾದ. ಮಳೆಯೊಂದನ್ನು ಬಿಟ್ಟು ಇಲ್ಲಿ ಎಲ್ಲವೂ ಸರಿಯಾಗಿದೆ.

ನಾನು ಮಠದ ಜಗಲಿಯಲ್ಲಿ ಅಕ್ಷರ ಕಲಿತು ಐವತ್ತು ವರ್ಷವಾಯಿತು. ಕೈ ನಡುಗುತ್ತದೆ, ಕೂಡಿಸಿಕೊಂಡು ಓದು.

ನಿನ್ನ ಅಣ್ಣ ಬಂದಿದ್ದ. ಒಳಗೆ ಬರಲಿಲ್ಲ. ನೀರು ಕೊಟ್ಟರೆ ಬೇಡವೆಂದ. ಹೆಂಡತಿ ಕಾಯಿಲೆಗೆ ಹೆದರುತ್ತಾಳೆ ಎಂದು ಅಂಗಳದಲ್ಲೇ ಹೇಳಿ ತಿರುಗಿಹೋದ. ಅವನನ್ನು ಬೈಯಬೇಡ, ಹೆದರಿಕೆ ಯಾರ ಮನೆಯಲ್ಲಿಲ್ಲ?

ಮಗು ಎರಡು ದಿನ ಏನನ್ನೂ ಕುಡಿಯಲಿಲ್ಲ. ನಾನು ಮೇಕೆ ಹಾಲಿಗೆ ನೀರು ಬೆರೆಸಿ, ಕಾಯಿಸಿ, ಒಳಲೆಯಲ್ಲಿ ಬಿಟ್ಟರೆ ಕೆನ್ನೆಯಲ್ಲಿ ಇಳಿದುಹೋಗುತ್ತಿತ್ತು. ಅತ್ತು ಅತ್ತು ದನಿ ಹೋಯಿತು. ಹಿರಿಯ ಸೊಸೆ ಕಾಳಿಯಮ್ಮ ಅಡಿಗೆಮನೆಯ ಬಾಗಿಲ ಹಿಂದೆ ನಿಂತು ನೋಡುತ್ತಿದ್ದಳು. ನಿನಗೆ ನೆನಪಿದೆ, ಮರೆಯುವಂಥದ್ದಲ್ಲ. ಹೆಸರಿಡುವ ದಿನ ನೆಂಟರೆಲ್ಲರ ಮುಂದೆ ನೀನು ಅವಳ ಕೈಯಿಂದ ಮಗುವನ್ನು ಕಿತ್ತುಕೊಂಡೆ. ಎರಡು ಮಕ್ಕಳನ್ನು ಮಣ್ಣಿಗೆ ಇಟ್ಟ ಕೈ ಎಂದೆ. ಅಂದಿನಿಂದ ಅವಳು ತೊಟ್ಟಿಲ ಕಡೆ ತಿರುಗಿ ನೋಡಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಹತ್ತಿರ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಮಾವ, ನಾನು ಮುಟ್ಲಾ?" ಎಂದಳು.

"ಮುಟ್ಟವ್ವ" ಎಂದೆ.

ಅವಳು ಮಗುವನ್ನು ಎತ್ತಿಕೊಂಡು ಅಂಗಳದ ಬೇವಿನ ಕೆಳಗೆ ಕೂತಳು. ಒಳಲೆ ಹಿಡಿಯಲಿಲ್ಲ. ಹತ್ತಿಯ ಬತ್ತಿ ಮಾಡಿ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟಳು. ಮಂಗಿ ಚೀಪಿದಳು. ಒಂದು ಲೋಟ ಹಾಲಿಗೆ ಅರ್ಧ ದಿನ ಹಿಡಿಯಿತು, ಆದರೆ ಕುಡಿದಳು.

ಮಗು ಅವಳ ಕೈಯಲ್ಲಿದೆ. ನೀನು ಕೇಳಿದ್ದು ಇದನ್ನೇ ತಾನೇ.

ಇಂತಿ,
ನಂಜಯ್ಯ


ಸೇಲಂ
19 ಜುಲೈ 1970

ಮಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದುಬಿಟ್ಟೆ.

ಮಗು ಹಾಲು ಕುಡಿದದ್ದು ಸಂತೋಷ. ನರ್ಸಮ್ಮ ಹೇಳಿದ್ದನ್ನು ಬರೆಯುತ್ತೇನೆ. ಹಾಲನ್ನು ಚೆನ್ನಾಗಿ ಕುದಿಸಬೇಕು. ಮಗುವಿಗೆ ಈ ಕಾಯಿಲೆ ಬಾರದ ಹಾಗೆ ತೋಳಿಗೆ ಒಂದು ಸೂಜಿ ಹಾಕುತ್ತಾರಂತೆ, ಯಾರಾದರೂ ಕರೆದುಕೊಂಡು ಹೋಗಿ ತಪ್ಪದೆ ಹಾಕಿಸಬೇಕು. ನನ್ನ ಬಟ್ಟೆಗಳನ್ನು ಬಿಸಿನೀರಿನಲ್ಲಿ ಕುದಿಸಿ ಬಿಸಿಲಿಗೆ ಹಾಕಬೇಕು.

ಪಕ್ಕದ ಮಂಚದಲ್ಲಿ ಎಲ್ಲಮ್ಮ ಎನ್ನುವ ಅಜ್ಜಿ ಇದ್ದಾಳೆ. ಧರ್ಮಪುರಿ ಕಡೆಯವಳು, ನಮ್ಮ ಮಾತೇ ಆಡುತ್ತಾಳೆ. ಅವಳನ್ನು ನೋಡಲು ಯಾರೂ ಬರುವುದಿಲ್ಲ. ನಿಮ್ಮ ಕಾಗದವನ್ನು ಜೋರಾಗಿ ಓದಿಸಿಕೊಂಡಳು. ಹತ್ತಿಯ ಬತ್ತಿಯ ಮಾತು ಬಂದಾಗ, "ಇನ್ನೊಂದ್ ಸಲ ಓದು" ಎಂದಳು. ಆಮೇಲೆ ನನ್ನನ್ನೇ ನೋಡಿ, "ಎತ್ತೋಳ್ಗೆ ಒಂದ್ ದಿನದ ನೋವು ಕಣವ್ವ, ಸಾಕೋಳ್ಗೆ ದಿನಾ ಐತೆ" ಎಂದಳು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ.

ಅಕ್ಕನಿಗೆ ಹೇಳಿ. ಏನು ಹೇಳಬೇಕೋ ಗೊತ್ತಿಲ್ಲ. ಮಗುವಿಗೆ ರಾತ್ರಿ ಕುಲಾವಿ ಕಟ್ಟಲು ಹೇಳಿ.

ಸಿದ್ದಲಕ್ಷ್ಮಮ್ಮ


ಹಟ್ಟಿ
12 ಆಗಸ್ಟ್ 1970

ಸಿದ್ದಲಕ್ಷ್ಮಮ್ಮನಿಗೆ ಕಾಳಿಯಮ್ಮ ಹೇಳಿ ಬರೆಸುವುದು.

ಸೂಜಿ ಹಾಕಿಸಿದೆ. ನಾನೇ ಎತ್ತಿಕೊಂಡು ಹೋಗಿದ್ದೆ. ತೋಳು ಊದಿ ಕೀವಾಯಿತು, ಹಾಗೆಯೇ ಆಗಬೇಕೆಂದು ಅಲ್ಲಿಯ ಅಮ್ಮ ಹೇಳಿದರು. ನಿನ್ನ ಬಟ್ಟೆ ಕುದಿಸಿದ್ದಾಯಿತು. ಕುಲಾವಿ ಕಟ್ಟುತ್ತೇನೆ. ಮಗು ಮಗ್ಗುಲಾಗಿದೆ. ಇಷ್ಟೇ.

ಕಾಳಿಯಮ್ಮ

ಇದರ ಕೆಳಗಿನದು ನಂಜಯ್ಯನ ಮಾತು. ಇಷ್ಟು ಹೇಳಿ ಅವಳು ಎದ್ದುಹೋದಳು. ಮಗು ಮಗ್ಗುಲಾದ ದಿನ ಹಟ್ಟಿಯ ಐದು ಮನೆಗೂ ಬೆಲ್ಲ ಹಂಚಿದ್ದನ್ನು ಬರೆಸಲಿಲ್ಲ. ಅವಳ ಗಂಡ ಮಾದಪ್ಪ, "ನಿಂಗೇನ್ ಬಂತೇ ಇಷ್ಟ್ ಕುಸಿ?" ಎಂದು ಕೇಳಿದ. "ಸುಮ್ನೆ ಬೆಲ್ಲ ತಿನ್ನು" ಎಂದಳು.

ಸೋಮವಾರ ಒಂದೇ ಹೊತ್ತು ಉಣ್ಣುತ್ತಿದ್ದಾಳೆ. ಮಾದೇಶ್ವರನ ಬೆಟ್ಟದ ಕಡೆ ತಿರುಗಿ ದೀಪ ಹಚ್ಚುತ್ತಾಳೆ. ಯಾಕವ್ವ ಎಂದರೆ, "ಸಿದ್ದಿಗೆ ವಾಸಿ ಆಗ್ಲಿ ಅಂತ" ಎಂದಳು. ಇದನ್ನು ಬರೆಯಬೇಡಿ ಎಂದೂ ಹೇಳಿದಳು. ಬರೆದಿದ್ದೇನೆ.


ಸೇಲಂ
20 ಅಕ್ಟೋಬರ್ 1970

ಅಕ್ಕ,

ಈ ಕಾಗದ ನಿನಗೆ. ಮಾವ ಓದಿ ಹೇಳಲಿ.

ಎಲ್ಲಮ್ಮಜ್ಜಿ ಹೋದ ಗುರುವಾರ ತೀರಿಕೊಂಡಳು. ಬೆಳಿಗ್ಗೆ ನನ್ನ ಕೈಯಲ್ಲಿ ಗಂಜಿ ಕುಡಿದು, "ನಿನ್ ಮಗೀಗ್ ಅಲ್ಲು ಬಂತಾ?" ಎಂದು ಕೇಳಿದ್ದಳು. ಮಧ್ಯಾಹ್ನ ಮಂಚ ಖಾಲಿಯಾಯಿತು. ಹಾಸಿಗೆಯನ್ನು ಬಿಸಿಲಿಗೆ ಹಾಕಿದರು. ಅವಳ ತಲೆದಿಂಬಿನ ಕೆಳಗೆ ಒಂದು ಹತ್ತಿಯ ಉಂಡೆ ಇತ್ತು. ನರ್ಸಮ್ಮನ ಹತ್ತಿರ ಬೇಡಿ ಇಟ್ಟುಕೊಂಡಿದ್ದಳಂತೆ, ಮಂಗಿಗೆ ಕಳಿಸಲು.

ಅಂದಿನಿಂದ ನಾಲ್ಕು ದಿನ ನಾನು ಮಾತ್ರೆ ನುಂಗಲಿಲ್ಲ. ಬಾಯಿಗೆ ಹಾಕಿಕೊಂಡು ಆಮೇಲೆ ಉಗುಳಿದೆ. ನುಂಗಿದರೆ ವಾಂತಿ, ಕಿವಿಯಲ್ಲಿ ಸದಾ ಜೀರುಂಡೆಯ ಸದ್ದು. ಅಜ್ಜಿಯೂ ನುಂಗಿದ್ದಳಲ್ಲ, ಏನಾಯಿತು ಎಂದುಕೊಂಡೆ. ನರ್ಸಮ್ಮನಿಗೆ ಗೊತ್ತಾಯಿತು. ಬೈಯಲಿಲ್ಲ. ಮಂಚದ ಮೇಲೆ ಕೂತು, "ಉನ್ ಕೊಳಂದೈಯೈ ಯಾರ್ ಪಾಕ್ಕಿರಾಂಗ?" ಎಂದು ಕೇಳಿದರು. ನಿನ್ನ ಮಗುವನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು. ನಾನು ನಿನ್ನ ಹೆಸರು ಹೇಳಿದೆ. ಹೇಳುವಾಗ ಅಳು ಬಂತು, ನಿಲ್ಲಲಿಲ್ಲ.

ಅಕ್ಕ, ಅಂದು ಎಲ್ಲರ ಮುಂದೆ ಅಂದ ಮಾತಿಗೆ ನನ್ನ ನಾಲಿಗೆ ಬಿದ್ದುಹೋಗಲಿ. ನಿನ್ನ ಕೈ ಕೆಟ್ಟದ್ದೆಂದೆ. ಮಗುವಿಗೆ ಮುತ್ತು ಕೊಡುತ್ತ, ಮುಖದ ಮೇಲೆ ಕೆಮ್ಮುತ್ತ ಇದ್ದವಳು ನಾನು. ನಾನು ಯಾವ ದೇವರಿಗೂ ಹರಕೆ ಹೊತ್ತಿಲ್ಲ, ಕೇಳಲು ಮುಖವಿರಲಿಲ್ಲ. ನೀನು ನನಗಾಗಿ ದೀಪ ಹಚ್ಚುತ್ತೀಯಂತೆ. ಮಾವ ಬರೆದಿದ್ದರು, ಅವರ ಮೇಲೆ ಸಿಟ್ಟಾಗಬೇಡ.

ತಪ್ಪಾಯಿತು. ಇದನ್ನು ಜೋರಾಗಿ ಓದಿಸು.

ನಿನ್ನ ತಂಗಿ,
ಸಿದ್ದಿ


ಹಟ್ಟಿ
9 ನವೆಂಬರ್ 1970

ಸಿದ್ದಿಗೆ,

ನಿನ್ನ ಕಾಗದವನ್ನು ಮಾವ ಓದಿದರು. ಎರಡು ಸಲ ಓದಿಸಿದೆ.

ಮಂಗಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಕಚ್ಚುತ್ತಾಳೆ. ರಾಗಿ ಸರಿ ಮಾಡಿ ತಿನ್ನಿಸುತ್ತೇನೆ, ಮೊಳಕೆ ಕಟ್ಟಿ ಒಣಗಿಸಿ ನಾನೇ ಬೀಸಿದ್ದು. ಮಾತ್ರೆಯನ್ನು ನುಂಗು. ಉಗುಳಿದರೆ ನಾನೇ ಬಂದು ಬಾಯಿಗೆ ತುರುಕುತ್ತೇನೆ.

ಕಾಳಿಯಮ್ಮ

ಮುಂದಿನದು ನಂಜಯ್ಯನದು. ನಿನ್ನ ಕಾಗದ ಕೇಳಿದ ಮೇಲೆ ಅವಳು ಕುರಿಹಟ್ಟಿಗೆ ಹೋಗಿ ಬಹಳ ಹೊತ್ತು ಕಸ ಗುಡಿಸಿದಳು. ಅಲ್ಲಿ ಕಸವೇ ಇರಲಿಲ್ಲ.

ಇನ್ನೊಂದು ಸಂಗತಿ ನಿನಗೆ ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳುತ್ತೇನೆ. ದೀಪಾವಳಿ ಆದ ಮೇಲೆ ಪಾಲಮಲೆಯಿಂದ ಅವಳ ಅಣ್ಣ ನಾರಪ್ಪ ಬಂದಿದ್ದ. ನಿನ್ನ ಗಂಡ ಗೋಪಾಲಪ್ಪ ಮಂದೆಯಿಂದ ಮನೆಗೆ ಬಂದಿದ್ದ ದಿನವೇ ನೋಡಿ ಬಂದ. ಕೂತು, ಎಲೆ ಅಡಿಕೆ ಹಾಕಿಕೊಂಡು, "ಎದೆ ಕಾಯ್ಲೆ ಎಣ್ಣು ತಿರ್ಗಿ ಬರಾದುಂಟಾ? ನನ್ ಮಗ್ಳು ಅವ್ಳೆ. ಗೋಪಾಲಂಗೆ ಕೊಡ್ತೀನಿ" ಎಂದ. ನಿನ್ನ ಗಂಡ ತಲೆ ಬಗ್ಗಿಸಿ ನೆಲ ಕೆರೆಯುತ್ತಿದ್ದ. ಬೇಡ ಎನ್ನಲು ಬಾಯಿ ತೆರೆದನೋ ಇಲ್ಲವೋ, ಕಾಳಿಯಮ್ಮ ಮಗುವನ್ನು ಸೊಂಟಕ್ಕೇರಿಸಿಕೊಂಡು ಹೊರಗೆ ಬಂದಳು.

"ಅಣ್ಣಾ, ಅವ್ಳ ಜಾಗ ಕಾಲಿ ಆಗಿಲ್ಲ. ಆಸ್ಪತ್ರೆಗೆ ಓಗವ್ಳೆ, ಬತ್ತಾಳೆ. ನೀನು ಕಾಪಿ ಕುಡ್ದು ಒರಡು."

"ನಿನ್ ಒಳ್ಳೇದ್ಕೇ ಏಳ್ತಿರೋದು ಕಣೇ. ನಮ್ ಎಣ್ಣು ಬಂದ್ರೆ ಈ ಮಗಾ ನಿಂಗೇ ಉಳೀತೈತೆ."

"ಆ ಆಸೆ ತೋರ್ಸ್ಬೇಡ" ಎಂದಳು. ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ಒರಡು."

ಅವನು ಕಾಫಿ ಕುಡಿಯದೆ ಎದ್ದ. ಅಣ್ಣ ತಂಗಿಗೆ ಮಾತು ನಿಂತಿದೆ.

ಗೋಪಾಲಪ್ಪ ಮರುದಿನ ಮಂದೆಗೆ ಹೋಗುವಾಗ ಅತ್ತಿಗೆಯ ಕಾಲು ಮುಟ್ಟಿದ. ಅವನು ನಿನಗೆ ಇದನ್ನು ಹೇಳಲಾರ. ಅವನ ಬಾಯಿ ನಿನಗೆ ಗೊತ್ತು.


ಸೇಲಂ
24 ಜನವರಿ 1971

ಅಕ್ಕ,

ನೀನು ಮಂಗಿಯನ್ನು ಕರೆದುಕೊಂಡು ಬರುತ್ತೀಯೆಂದು ನಿನ್ನ ಮೈದುನ ಹೇಳಿರಲಿಲ್ಲ. ಶನಿವಾರ ಹತ್ತು ಗಂಟೆಗೆ ವೆರಾಂಡದಲ್ಲಿ ಬಿಸಿಲು ಕಾಯುತ್ತಿದ್ದೆ. ನರ್ಸಮ್ಮ ಓಡಿಬಂದು, "ಅಂಗೇ ಪಾರು!" ಎಂದು ತಂತಿಬೇಲಿಯ ಕಡೆ ತೋರಿಸಿದರು. ಮಕ್ಕಳನ್ನು ಒಳಗೆ ಬಿಡುವುದಿಲ್ಲವಲ್ಲ. ಬೇಲಿಯ ಆಚೆ ನೀನು ನಿಂತಿದ್ದೆ, ಎರಡು ಕೈಯಲ್ಲಿ ಅವಳನ್ನು ಎತ್ತಿ ಹಿಡಿದುಕೊಂಡು.

ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ನಾಲ್ಕು ತಿಂಗಳ ಮಗು. ಹಸಿರು ಲಂಗ ತೊಟ್ಟ, ಕಾಲು ಒದೆಯುವ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟುಕೊಂಡ ಆ ಹುಡುಗಿ ಯಾರು ಎಂದು ಒಂದು ಗಳಿಗೆ ತಿಳಿಯಲಿಲ್ಲ. ನೀನು ನನ್ನ ಕಡೆ ಬೆರಳು ತೋರಿಸಿ ಏನೋ ಹೇಳುತ್ತಿದ್ದೆ, ಅಷ್ಟು ದೂರಕ್ಕೆ ಕೇಳಿಸಲಿಲ್ಲ. ಅವಳು ನನ್ನನ್ನು ನೋಡಲಿಲ್ಲ, ಗೋಡೆಯ ಮೇಲಿನ ಕಾಗೆಯನ್ನು ನೋಡಿ ನಗುತ್ತಿದ್ದಳು. ಆದರೂ ಆ ನಗು ನೋಡಿದೆ. ನಿನ್ನ ಕೈ ನೋಯುವಷ್ಟು ಹೊತ್ತು ಎತ್ತಿ ಹಿಡಿದಿದ್ದೆ. ನಾನು ನೋಡಿ ಮುಗಿಸುವವರೆಗೂ ಇಳಿಸಲಿಲ್ಲ.

ನಾನು ಕೈ ಮುಗಿದದ್ದು ನಿನಗೆ ಕಂಡಿತೇ? ಎಲ್ಲರೂ ದೇವರಿಗೆ ಮುಗಿಯುತ್ತಿದ್ದಾಳೆ ಎಂದುಕೊಂಡರು.

ಈಗ ಜ್ವರವಿಲ್ಲ. ತೂಕ ಏರಿದೆ. ಬೆಳಿಗ್ಗೆ ಎದ್ದ ಕೂಡಲೇ ಒಂದು ಉಸಿರನ್ನು ಪೂರ್ತಿ ಎಳೆದು ನೋಡುತ್ತೇನೆ, ಒಳಗೆ ಎಲ್ಲಿಯೂ ತಡೆಯದೆ ಹೋಗುತ್ತದೆ. ಅದಕ್ಕೇ ದೇವರಿಗೆ ಕೈ ಮುಗಿಯುತ್ತೇನೆ. ಮೊದಲು ಉಸಿರಿಗೆಲ್ಲ ಯಾರು ಕೈ ಮುಗಿಯುತ್ತಿದ್ದರು? ನರ್ಸಮ್ಮ ತಮಿಳು ಅಕ್ಷರ ಕಲಿಸುತ್ತಿದ್ದಾರೆ, ಹೊತ್ತು ಹೋಗುತ್ತದೆ.

ಸಿದ್ದಿ


ಹಟ್ಟಿ
30 ಮಾರ್ಚ್ 1971

ಮಗಳು ಸಿದ್ದಲಕ್ಷ್ಮಮ್ಮನಿಗೆ ನಂಜಯ್ಯನ ಆಶೀರ್ವಾದ.

ಕಫದಲ್ಲಿ ಹುಳು ಇಲ್ಲ, ಎರಡು ತಿಂಗಳು ನೋಡಿ ಮೇ ತಿಂಗಳಲ್ಲಿ ಕಳಿಸುತ್ತಾರೆ ಎಂದು ನೀನು ಬರೆದದ್ದು ಸೇರಿತು. ಓದಿದಾಗ ನಿನ್ನ ಭಾವ ಮಾದಪ್ಪ ಹೋ ಎಂದು ಅತ್ತುಬಿಟ್ಟ. ನಲವತ್ತು ವರ್ಷದ ಗಂಡಸು.

ಮಂಗಿ ನಡೆಯುತ್ತಾಳೆ. ಒಂದು ಮಾತು ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಕಾಳಿಯಮ್ಮ ಬೇಡ ಎಂದಿದ್ದಳು. ಆದರೆ ಮನೆಗೆ ಬಂದ ದಿನ ತಿಳಿದು ನೋಯುವುದಕ್ಕಿಂತ ಈಗಲೇ ತಿಳಿದಿರಲಿ. ಮಗು ಅವಳನ್ನು ಅವ್ವ ಎನ್ನುತ್ತಾಳೆ. ಯಾರೂ ಕಲಿಸಲಿಲ್ಲ. ಕಾಳಿಯಮ್ಮ ದೊಡ್ಡವ್ವ ಎಂದು ಹೇಳಿಕೊಡುತ್ತಾಳೆ, ದಿನಾ ಹೇಳಿಕೊಡುತ್ತಾಳೆ. ಅವಳಿಗೆ "ದೊಡ್" ಬರುವುದಿಲ್ಲ.

ನಂಜಯ್ಯ


ಸೇಲಂ
8 ಏಪ್ರಿಲ್ 1971

ಮಾವನವರಿಗೆ,

ನೀವು ಬರೆದದ್ದು ಒಳ್ಳೆಯದಾಯಿತು. ಒಂದು ದಿನ ಊಟ ಸೇರಲಿಲ್ಲ. ಮರುದಿನ ಸೇರಿತು. ತಿದ್ದಬೇಡಿ ಎಂದು ಅಕ್ಕನಿಗೆ ಹೇಳಿ. ಕರೆಯಲು ಒಬ್ಬಳು ಇದ್ದಳಲ್ಲ, ಅದೇ ನನ್ನ ಪುಣ್ಯ.

ಸಿದ್ದಲಕ್ಷ್ಮಮ್ಮ


ಹಟ್ಟಿ
13 ಜೂನ್ 1971

ಅಕ್ಕ,

ನೀನು ಪಾಲಮಲೆಗೆ ಹೋಗಿ ಇಪ್ಪತ್ತಮೂರು ದಿನವಾಯಿತು. ನಾನು ಮನೆಗೆ ಬಂದ ದಿನ ನೀನು ಮಂಗಿಯನ್ನು ನನ್ನ ತೊಡೆಯ ಮೇಲೆ ಕೂರಿಸಿದೆ. ಅವಳು ಕಿರುಚಿ ನಿನ್ನ ಸೆರಗು ಹಿಡಿದಳು. ನೀನು ಸೆರಗು ಬಿಡಿಸಿಕೊಂಡು ಒಳಗೆ ಹೋದೆ. ಮರುದಿನ ಬೆಳಿಗ್ಗೆ, ಅಣ್ಣನ ಹೊಲದಲ್ಲಿ ಕೆಲಸವಿದೆ ಎಂದು ಹೊರಟೆ. ಮುಖ ಕೊಟ್ಟು ಮಾತಾಡದ ಅಣ್ಣನ ಮನೆಗೆ, ನೀನಾಗಿಯೇ. ಯಾಕೆ ಹೋದೆಯೆಂದು ಈ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ?

ಮೊದಲ ವಾರ ಅವಳು ಬಾಗಿಲಲ್ಲಿ ನಿಂತು ಅವ್ವಾ ಎಂದು ಕೂಗಿದಳು. ಮಾವ ಎತ್ತಿಕೊಂಡು ಮಂದೆಯ ಹತ್ತಿರ ತಿರುಗಾಡಿಸಿದರು. ಗಂಜಿ ಕೊಟ್ಟರೆ ತಟ್ಟೆ ನೂಕಿದಳು. ನಾನು ಬಲವಂತ ಮಾಡಲಿಲ್ಲ. ಅಡಿಗೆಮನೆಯಲ್ಲಿ ಬೇಕೆಂದೇ ಪಾತ್ರೆ ಬಾರಿಸುತ್ತ ಕೂತಿದ್ದೆ, ಸದ್ದಿಗೆ ಬಂದು ನೋಡಲಿ ಎಂದು. ಹನ್ನೊಂದನೆಯ ದಿನ ಬಂದಳು. ಸೌಟು ಕಿತ್ತುಕೊಂಡಳು. ಹದಿನೈದನೆಯ ದಿನ ನನ್ನ ಕೈಯಲ್ಲಿ ಉಂಡಳು. ನಿನ್ನೆ ಮಧ್ಯಾಹ್ನ ತಾನಾಗಿಯೇ ತೊಡೆಯ ಮೇಲೆ ಹತ್ತಿ ನಿದ್ದೆ ಹೋದಳು. ಕಾಲು ಜೋಮು ಹಿಡಿದರೂ ನಾನು ಅಲುಗಲಿಲ್ಲ. ಹದಿನಾರು ತಿಂಗಳ ಮಗುವಿನ ತೂಕ ಇಷ್ಟು ಎಂದು ನನಗೆ ನಿನ್ನೆಯೇ ತಿಳಿದದ್ದು.

ಅವಳು ನನ್ನ ಹತ್ತಿರ ಬರುತ್ತಾಳೆ, ಅಕ್ಕ. ಅದಕ್ಕೇ ಈಗ ಕರೆಯುತ್ತಿದ್ದೇನೆ. ಬರದೆ ಇದ್ದಾಗ ಕರೆದಿದ್ದರೆ ಮಗು ಸಾಕುವ ಕೆಲಸಕ್ಕೆ ಕರೆದಂತೆ ಆಗುತ್ತಿತ್ತು. ಈಗ ಕೆಲಸವೇನೂ ಇಲ್ಲ, ಸುಮ್ಮನೆ ಬಾ. ಅವ್ವ ಎಂದು ನಿನ್ನನ್ನೇ ಕರೆಯಲಿ, ನನ್ನನ್ನೂ ಕರೆಯಲಿ. ಒಂದೇ ಮಾತಿಗೆ ಇಬ್ಬರು ತಿರುಗಿ ನೋಡಿದರೆ ಅವಳಿಗೇನು ನಷ್ಟ?

ಮಾವ ಕಣ್ಣು ಒರೆಸಿಕೊಳ್ಳುತ್ತ ಇದನ್ನು ಇಣುಕಿ ಓದುತ್ತಿದ್ದಾರೆ. ಭಾವ ಸಾಯಂಕಾಲವಾದರೆ ಬಸ್ಸು ನಿಲ್ಲುವ ಕಡೆಗೆ ಹೋಗಿ ಬರುತ್ತಾರೆ.

ನಿನ್ನ ತಂಗಿ,
ಸಿದ್ದಿ


ಪಾಲಮಲೆ
27 ಜೂನ್ 1971

ಸಿದ್ದೀ,

ಇದು ತಮಿಳ್ ಅಕ್ಷರ. ಇಲ್ಲಿ ಇಸ್ಕೂಲ್ ವಾದ್ಯಾರು ಅಣ್ಣಾಮಲೈ ಅವ್ರಿಗೆ ನಮ್ ಮಾತು ಬತ್ತೈತೆ, ಕನ್ನಡ ಬರಿಯಾಕ್ ಬರಲ್ಲ. ನಾನ್ ಏಳಿದ್ನ ಏಳಿದಂಗೇ ಬರೀತಾವ್ರೆ. ನೀನು ಈ ಅಕ್ಷರ ಕಲ್ತಿದ್ದೀಯಲ್ಲ, ಓದ್ಕೋ.

ನಿನ್ ಕಾಗ್ದ ಬಂದಾಗ ಇಲ್ಲಿ ಓದೋರು ಯಾರೂ ಇಲ್ಲ. ಬೆಟ್ಟ ಇಳ್ದು ಕೊಳತ್ತೂರ್ಗೆ ನಡ್ದೆ. ಬಟ್ಟೆ ಅಂಗ್ಡೀಲಿ ಒಬ್ರು ಕನ್ನಡ ಓದ್ತಾರೆ ಅಂದ್ರು. ಅವ್ರು ಜೋರಾಗಿ ಓದ್ಬುಟ್ರು. ಅಂಗ್ಡೀಲಿದ್ದ ಎಣ್ಣುಮಕ್ಳೆಲ್ಲ ಸೀರೆ ಬುಟ್ಟು ಕೇಳಿದ್ರು. ಒಂದಮ್ಮ ನನ್ ಕೈ ಇಡ್ಕೊಂಡ್ಳು. ನಂಗೆ ನಾಚ್ಕೆ ಆಯ್ತು, ಆದ್ರೂ ನಿಲ್ಸಿ ಅನ್ಲಿಲ್ಲ.

ಸಿದ್ದಿ, ನಾನು ಯಾವತ್ತೂ ಏಳಿಲ್ಲ. ನನ್ ಮೊದಲ್ನೇದು ಗಂಡು, ಎಂಟ್ ದಿನ ಇದ್ದ. ಎರಡ್ನೇದು ಎಣ್ಣು, ಮೂರ್ ತಿಂಗ್ಳು ಇದ್ಲು, ಗುಂಗ್ರು ಕೂದ್ಲು. ಅವ್ರನ್ನ ಯಾರೂ ಕೇಳಲ್ಲ. ನಿಂಗೆ ಏಳ್ಬೇಕು ಅನ್ಸ್ತು, ಏಳ್ದೆ.

ಅಣ್ಣಂಗೆ ಈಗ ನನ್ ಮೇಲೆ ಕ್ವಾಪ ಇಲ್ಲ. ಅವ್ನ ಮಗ್ಳಿಗೆ ಮೇಚ್ಚೇರಿ ಕಡೆ ಗಂಡು ಕೂಡೈತೆ, ಒಳ್ಳೇ ಉಡ್ಗ.

ಗುರುವಾರ ಇಳೀತೀನಿ. ನಿನ್ ಭಾವಂಗೆ ಏಳು, ಸಾಯಂಕಾಲ ಅಲ್ಲ, ಮದ್ಯಾನದ ಬಸ್ಸು. ನೀನು ಬಿಸ್ಲಲ್ಲಿ ಬರ್ಬೇಡ. ಮನೇಲೂ ಇನ್ನೊಂದ್ ವರ್ಸ ಮಾತ್ರೆ ನುಂಗು ಅಂದವ್ರಲ್ಲ ಡಾಕ್ಟ್ರು, ಬುಡಬ್ಯಾಡ.

ದೇವ್ರು ನನ್ ಮಡ್ಲಿಗೆ ಮಗಾನ ಆಕ್ದ, ಆದ್ರೆ ನಿನ್ ಕೈಯಿಂದ ಕಿತ್ತು ಆಕ್ದ ಅಂತ ವರ್ಸೆಲ್ಲ ಎದ್ರಿಕೆ ಇತ್ತು ನಂಗೆ. ಎಷ್ಟ್ ದೀಪ ಅಚ್ಚಿದ್ರೂ ಅದು ಓಗ್ಲಿಲ್ಲ. ಈಗ ನೀನೇ ಆಕ್ದೆ.

ಇಷ್ಟ್ ಏಳಿದ್ದು,
ನಿಮ್ಮಕ್ಕ ಕಾಳಿ